ಆಳುವ ಪಕ್ಷದ ಮೇಲಣ ಬೇಸರ

ಆಳುವವರನ್ನು ನಿಂದಿಸುವುದು ನಮ್ಮ ನಾಡಿನ ಗೃಹಸ್ಥನಿಗೆ ಸ್ನಾನಭೋಜನಗಳಂತೆ ನಿತ್ಯಕರ್ಮವಾಗಿಬಿಟ್ಟಿದೆ. ಮತ ಹಾಕುವುದು ನೈಮಿತ್ತಿಕ. ಐದು ವರ್ಷಕ್ಕೊಮ್ಮೆ ನಿಮಿತ್ತ ಒದಗಿದಾಗ ಮಾಡತಕ್ಕದ್ದು. ನಿತ್ಯಕರ್ಮವನ್ನು ಒಂದು ದಿನವೂ ತಪ್ಪದೆ ನಡೆಸಿದವರು, ನೈಮಿತ್ತಿಕದ ದಿನ ಬಂದಾಗ ಬಿಸಿಲೆಂದೋ ಸಾಲು ಉದ್ದವೆಂದೋ ನೆವ ಹೇಳಿ ಮನೆಯಲ್ಲಿಯೇ ಉಳಿಯುವುದನ್ನು, ಅದರಲ್ಲಿಯೂ ಪಟ್ಟಣವಾಸಿಗಳಲ್ಲಿ, ನಾವು ಬೇಕಾದಷ್ಟು ಕಂಡಿದ್ದೇವೆ.

ಕಳೆದ ಸಂಚಿಕೆಯಲ್ಲಿ ಮಕ್ಕಳ ಕಾಗುಣಿತವನ್ನು ಕುರಿತು ಬರೆದುದಕ್ಕೆ ಬಂದ ಕಾಗದಗಳ ನಡುವೆ ಒಂದು ಕಾಗದ ಬೇರೆ ಬಗೆಯದಾಗಿತ್ತು. ಜನರೆಲ್ಲರೂ ಆಳುವ ಪಕ್ಷದ ಮೇಲೆ ರೋಸಿಹೋಗಿರುವಾಗ ಒತ್ತಕ್ಷರ ದೀರ್ಘಗಳ ಗೊಡವೆ ಯಾರಿಗೆ ಬೇಕೆಂದು ಆ ವಾಚಕ ಮಹಾಶಯರು ಕೇಳಿದ್ದಾರೆ. ಯಾವ ಪಕ್ಷವೆಂಬುದನ್ನು ಅವರು ಬರೆದಿಲ್ಲ. ದಿಲ್ಲಿಯಲ್ಲಿ ಆಳುವುದೋ ಬೆಂಗಳೂರಿನಲ್ಲಿ ಆಳುವುದೋ ಅದೂ ತಿಳಿಯದು. ಇನ್ನು "ಜನರೆಲ್ಲರೂ" ಎಂಬ ಮಾತಿಗೆ ಅವರು ಪ್ರಮಾಣವನ್ನು ಕೊಟ್ಟಿಲ್ಲ. ಅದು ಪ್ರಮಾಣ ಬೇಡದಷ್ಟು ಪ್ರಸಿದ್ಧವೆಂದು ಅವರ ಎಣಿಕೆಯಿರಬಹುದು. ನಮಗೆ ಬರೆಯಬೇಕೆನಿಸಿದ್ದು ಮುಖ್ಯವಾಗಿ ಆ "ಎಲ್ಲರೂ" ಎಂಬ ಪದವನ್ನು ಕುರಿತೇ.

ಈ ಪುಟದಲ್ಲಿ ನಾವು ಸದ್ಯದ ರಾಜಕೀಯವನ್ನು ಎತ್ತುವುದಿಲ್ಲ. ಒಂದೇ ಮನೆಯಲ್ಲಿ ತಂದೆ ಒಂದು ಪಕ್ಷ, ಮಗ ಒಂದು ಪಕ್ಷ, ಸೊಸೆ ಎರಡೂ ಅಲ್ಲದ್ದು. ಮೂವರೂ ಈ ಪತ್ರಿಕೆಯನ್ನು ಓದುವವರು. ಆದುದರಿಂದ ಕಾಲವು ಬಿಸಿಯನ್ನು ಆರಿಸಿರುವ ಒಂದು ಪ್ರಕರಣವನ್ನು ಆರಿಸಿಕೊಳ್ಳುತ್ತೇವೆ. ಅದು 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಪಕ್ಷವು ಮೊಟ್ಟಮೊದಲ ಬಾರಿಗೆ ಅಧಿಕಾರವನ್ನು ಕಳೆದುಕೊಂಡ ಸಂಗತಿ. ಆಗ ನಮಗೆ ಮತವಿರಲಿಲ್ಲ. ಮತಕ್ಕೆ ಇಪ್ಪತ್ತೊಂದು ತುಂಬಬೇಕೆಂಬ ನಿಯಮವಿದ್ದ ಕಾಲ. ಆದರೆ ಕಣ್ಣು ಕಿವಿಗಳು ಇದ್ದುವು.

ಮೊದಲು ಪದವನ್ನು ಒಂದಿಷ್ಟು ನೋಡೋಣ; ಇದು ನಮ್ಮ ಹಳೆಯ ಚಾಳಿ, ವಾಚಕರು ಕ್ಷಮಿಸಬೇಕು. ತರ್ಕವನ್ನು ಓದಿದವರಿಗೆ ಅಭಾವವು ಒಂದೇ ಬಗೆಯದಲ್ಲವೆಂದು ಗೊತ್ತು. ಗಡಿಗೆ ಇನ್ನೂ ಹುಟ್ಟದಿರುವಾಗಿನ ಅಭಾವಕ್ಕೆ ಪ್ರಾಗಭಾವವೆಂದು ಹೆಸರು. ಹುಟ್ಟಿದ ಗಡಿಗೆ ಒಡೆದು ಚೂರಾದ ಮೇಲಿನದು ಪ್ರಧ್ವಂಸಾಭಾವ. ಎರಡು ಮನೆಗಳಲ್ಲಿಯೂ ನೀರು ತರಲು ಗಡಿಗೆಯಿಲ್ಲ. ಆದರೆ ಮೊದಲನೆಯ ಮನೆಯವರು ಕುಂಬಾರನ ದಾರಿಯನ್ನು ಕಾಯುತ್ತಾರೆ; ಎರಡನೆಯ ಮನೆಯವರು ಒಡೆದವರು ಯಾರೆಂದು ವಿಚಾರಿಸುತ್ತಾರೆ. ಆಳುವವರಿಂದ ಏನನ್ನೂ ಎಂದೂ ಎದುರುನೋಡದವನಿಗೂ ಆಶೆಯಿಲ್ಲ, ಎದುರುನೋಡಿ ಕೆಟ್ಟವನಿಗೂ ಆಶೆಯಿಲ್ಲ. "ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ" ಎಂದು ಜಗಲಿಯ ಮೇಲೆ ಕುಳಿತು ಹೇಳುವವನು ಮೊದಲನೆಯ ಬಗೆಯವನು. ಅವನಿಗೆ ಯಾವ ಪಕ್ಷವೂ ಹೆದರಬೇಕಾದುದಿಲ್ಲ. ಸರಕಾರಗಳು ಹೆದರಬೇಕಾದದ್ದು ಎರಡನೆಯವನಿಗೆ.

1970ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಆಶೆಯು ಹುಟ್ಟಿದ್ದೇನೋ ನಿಜ. ದೇವರಾಜ ಅರಸರ ಆಡಳಿತದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರಿಗೆ ಉಳುವ ನೆಲ ದೊರೆಯತೊಡಗಿತು. ಹಾವನೂರರ ಆಯೋಗವು 1975ರಲ್ಲಿ ವರದಿಯನ್ನು ಕೊಟ್ಟಿತು. ಅಲ್ಲಿಯವರೆಗೆ ಕಚೇರಿಯ ಮೆಟ್ಟಿಲನ್ನು ಹತ್ತದಿದ್ದ ಜಾತಿಗಳ ಮಕ್ಕಳಿಗೆ ಬಾಗಿಲು ತೆರೆಯಿತು. ತುರ್ತುಪರಿಸ್ಥಿತಿಯ ಬಳಿಕ ಉತ್ತರದೇಶದಲ್ಲಿ ನೆಲಕಚ್ಚಿದ ಇಂದಿರಾ ಗಾಂಧಿಯವರ ಪಕ್ಷವನ್ನು 1978ರಲ್ಲಿ ಕರ್ನಾಟಕದ ಮತದಾರರು 224ರಲ್ಲಿ 149 ಸ್ಥಾನಗಳನ್ನು ಕೊಟ್ಟು ಎತ್ತಿಹಿಡಿದರು. ಆಮೇಲೆ 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ಮನಸ್ಸು ಮುರಿಯಿತು. ಶಾಸಕರಲ್ಲಿ ಬಹುಮಂದಿ ಅರಸರೊಡನೆ ನಡೆದರು. 1980ರ ಜನವರಿಯ ಲೋಕಸಭೆಯ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ 27 ಸ್ಥಾನಗಳು ಬಂದುವೋ ಇಲ್ಲವೋ, ಆ ಶಾಸಕರೇ ಹಿಂದುಹಿಂದಕ್ಕೆ ಓಡಿಬಂದರು. ಅರಸರು ಇಳಿದರು, ಅದೇ ಸಭೆ, ಅವೇ ಪೀಠಗಳು, ಯಜಮಾನ ಮಾತ್ರ ಹೊಸಬ. ಕೊಡಗಿನ ಆರ್. ಗುಂಡೂರಾಯರು ತಮ್ಮ 42ನೆಯ ವಯಸ್ಸಿನಲ್ಲಿ ಮುಖ್ಯಮಂತ್ರಿಗಳಾದರು. ಮತದಾರನನ್ನು ಈ ವಿಷಯದಲ್ಲಿ ಯಾರೂ ಕೇಳಲಿಲ್ಲ. ಗಂಡಿನ ಕಡೆಯವರು ನೋಡಿಹೋದ ಹೆಣ್ಣು ಒಬ್ಬಳು, ಹಸೆಯ ಮೇಲೆ ಕುಳಿತವಳು ಇನ್ನೊಬ್ಬಳು ಎಂಬಂತಾಯಿತು. ಹೀಗಾದ ಮದುವೆಯ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಕಡಿಮೆಯಾದರೂ ಮಾತು ಬೆಳೆಯುತ್ತದೆ.

ಆರು ತಿಂಗಳು ಕಳೆಯುತ್ತಲೇ ಮಾತು ಬೆಳೆದದ್ದು ನರಗುಂದ ನವಲಗುಂದಗಳಲ್ಲಿ. (1858ರಲ್ಲಿ ಇಂಗ್ಲಿಷರ ಮೇಲೆ ಎದ್ದ ನರಗುಂದವೇ ಇದು, ಊರಿನ ಮಣ್ಣಿಗೂ ನೆನಪಿರುತ್ತದೆಂದು ಹೇಳುವವರುಂಟು, ನಾವು ಅಷ್ಟು ದೂರ ಹೋಗುವುದಿಲ್ಲ.) ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಆಗಿನ ಅಖಂಡ ಧಾರವಾಡ ಜಿಲ್ಲೆಯ ಎರೆಭೂಮಿಗೆ ಕಾಲುವೆಯ ನೀರನ್ನು ತರಲಾಗಿತ್ತು. ನೀರು ಬಂದ ಹೊಲಕ್ಕೆ ಬೆಲೆ ಏರುತ್ತದೆ. ಏರಿದ ಬೆಲೆಯಲ್ಲಿ ಒಂದು ಪಾಲು ಕಾಲುವೆ ತೋಡಿಸಿದ ಸರಕಾರಕ್ಕೆ ಸಲ್ಲಬೇಕೆಂಬುದು ಅಭಿವೃದ್ಧಿ ಕರದ ತತ್ತ್ವ. ರೈತರು ಅದನ್ನು "ಬೆಟರ್‌ಮೆಂಟ್ ಲೆವಿ" ಎಂದೇ ಕರೆಯುತ್ತಿದ್ದರು. ತತ್ತ್ವದಲ್ಲಿ ಅನ್ಯಾಯವಿಲ್ಲ. ಹೊಲದ ವಿಷಯ ಬೇರೆ. ಕಾಲುವೆಯ ತುದಿಯ ಹೊಲಗಳಿಗೆ ನೀರು ಕಾಗದದ ಮೇಲೆ ಮಾತ್ರ ಬಂದಿತ್ತು. ಬಂದಲ್ಲಿಯೂ ಎರೆಮಣ್ಣು ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುವಂಥದು; ಬಸಿದುಹೋಗಲು ದಾರಿಯಿಲ್ಲದೆ ಎಷ್ಟೋ ಹೊಲಗಳು ಜವುಗಾದುವು. ಜೋಳ ಬೆಳೆಯುತ್ತಿದ್ದವರು ಹತ್ತಿಗೆ ಇಳಿದಿದ್ದರು. ಹತ್ತಿಯ ಧಾರಣೆ ಬಿದ್ದಿತು. ಕರದ ನೋಟೀಸು ಮಾತ್ರ ತಪ್ಪದೆ ಬಂದಿತು.

ಇಲ್ಲಿ ನಾವು ಗೃಹಸ್ಥರಾಗಿ ಯೋಚಿಸಬೇಕು. ದರ್ಜಿಯು ಬಟ್ಟೆಯನ್ನು ಹೊಲಿದುಕೊಡುವ ಮೊದಲೇ ಕೂಲಿಯನ್ನು ಕೇಳಿದರೆ ನಾವು ಏನು ಮಾಡುತ್ತೇವೆ? ಜಗಳವಾಡುವುದಿಲ್ಲ, "ಬಟ್ಟೆ ತೋರಿಸಪ್ಪ" ಎನ್ನುತ್ತೇವೆ. ರೈತರು ತಿಂಗಳುಗಟ್ಟಲೆ ಅಂದದ್ದು ಇಷ್ಟೇ. ಅರ್ಜಿಗಳನ್ನು ಕೊಟ್ಟರು, ತಹಶೀಲ್ದಾರರ ಕಚೇರಿಯ ಮುಂದೆ ಕುಳಿತರು. ಕೇಳುವ ಕಿವಿಯು ಕಾಣಲಿಲ್ಲ. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ಗಲಭೆಯಾಗಿ ಪೋಲೀಸರು ಗುಂಡು ಹಾರಿಸಿದರು. ರೈತರು ಸತ್ತರು, ಪೋಲೀಸರಲ್ಲಿಯೂ ಪ್ರಾಣ ನೀಗಿದವರುಂಟು. ಯಾವ ಪಕ್ಷಕ್ಕೂ ಸೇರದ ಆ ಮನೆಗಳ ಅಳುವನ್ನು ಮರೆತು ಈ ಸಂಗತಿಯನ್ನು ಬರಿಯ ರಾಜಕೀಯವಾಗಿ ಹೇಳುವುದು ನಮಗೆ ಸೇರದು. ಗುಂಡಿನ ಸದ್ದು ನಾಡೆಲ್ಲ ಕೇಳಿಸಿತು. ರಾಜ್ಯ ರೈತಸಂಘವು ಆ ವರ್ಷವೇ ಹುಟ್ಟಿತು. ಆಮೇಲೆ ಸರಕಾರವು ಕರದ ವಿಷಯದಲ್ಲಿ ರಿಯಾಯಿತಿಗಳನ್ನು ಸಾರಿತು. ಜುಲೈ 20ರಂದು ಕೊಟ್ಟಿದ್ದರೆ ಕೃಪೆಯೆನಿಸಿಕೊಳ್ಳುತ್ತಿದ್ದುದು 21ರ ಬಳಿಕ ದಂಡವೆನಿಸಿಕೊಂಡಿತು. ಸತ್ತವರ ನೆನಪಿಗೆ ಅಲ್ಲಿ ಇಂದಿಗೂ ಆ ದಿನವನ್ನು ಆಚರಿಸುತ್ತಾರೆ.

ಎರಡನೆಯ ಸಂಗತಿಯು ನಮಗೆ ಬಹಳ ಹತ್ತಿರದ್ದು. ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಓದಿದವರು. ಮುಂದೆ ಮೂವತ್ತು ವರ್ಷಕ್ಕೂ ಮೀರಿ ಅದನ್ನೇ ಕಲಿಸಿ ಅನ್ನ ತಿಂದವರು. ಆ ಕಾಲದಲ್ಲಿ ನಮ್ಮ ಜೊತೆಯಲ್ಲಿ ಸಂಸ್ಕೃತವನ್ನು ಆರಿಸಿದ ಹುಡುಗರೆಲ್ಲರೂ ಕಾಳಿದಾಸನ ಮೇಲಿನ ಪ್ರೀತಿಯಿಂದ ಬಂದವರೆಂದು ಹೇಳಿದರೆ ಕಾಳಿದಾಸನೇ ನಕ್ಕಾನು. ಉತ್ತರವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಬಹುದಾಗಿತ್ತು; ಅಂಕಗಳು ಧಾರಾಳವಾಗಿ ಬೀಳುತ್ತಿದ್ದುವು. ಹೀಗೆ ಕನ್ನಡನಾಡಿನಲ್ಲಿ ಹುಟ್ಟಿದ ಹುಡುಗನು ಕನ್ನಡವನ್ನು ಮುಟ್ಟದೆಯೇ ಪ್ರೌಢಶಾಲೆಯನ್ನು ದಾಟಬಹುದಾಗಿತ್ತು. ಸಂಸ್ಕೃತವನ್ನು ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಇಡಬೇಕೋ ತೆಗೆಯಬೇಕೋ ಎಂಬ ವಾದವನ್ನು ತೀರಿಸಲು ಸರಕಾರವು 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ಸಮಿತಿಯು ಶಿಫಾರಸು ಮಾಡಿತು.

ವರದಿಯು 1981ರ ಜನವರಿಯಲ್ಲಿ ಸರಕಾರದ ಕೈಸೇರಿತು. ಅದು ನಮ್ಮ ವಿಷಯಕ್ಕೆ ನಷ್ಟ ತರುವ ವರದಿ. ಆದರೂ ನ್ಯಾಯವಾದುದನ್ನು ನ್ಯಾಯವೆಂದೇ ಹೇಳಬೇಕು. ಅಂಕದ ಆಶೆಯಿಂದ ತುಂಬಿದ ತರಗತಿಗಿಂತ ಆಸಕ್ತಿಯಿಂದ ಬಂದ ಹತ್ತು ಮಂದಿಯ ತರಗತಿ ಸಂಸ್ಕೃತಕ್ಕೆ ಹೆಚ್ಚಿನ ಮರ್ಯಾದೆಯೆಂದು ಅಧ್ಯಾಪಕರಾದ ಮೇಲೆ ನಾವು ಸಹೋದ್ಯೋಗಿಗಳೊಡನೆ ಎಷ್ಟೋ ಸಲ ವಾದಿಸಿದ್ದೇವೆ. ವರದಿಯು ಸರಿಯೆನಿಸಿದ್ದರೆ ಸರಕಾರ ಒಪ್ಪಬಹುದಾಗಿತ್ತು. ತಪ್ಪೆನಿಸಿದ್ದರೆ ಕಾರಣವನ್ನು ಹೇಳಿ ತಳ್ಳಬಹುದಾಗಿತ್ತು. ಅಲ್ಪಸಂಖ್ಯಾತರ ಭಾಷೆಗಳ ಪ್ರಶ್ನೆಯು ನಿಜವಾಗಿಯೂ ಕಠಿನವಾದುದು. ಅದನ್ನು ಎತ್ತಿ ಜನರೊಡನೆ ಚರ್ಚಿಸಿದ್ದರೆ ಕೇಳುವವರಿದ್ದರು. ಇವು ಯಾವುವೂ ಆಗಲಿಲ್ಲ. ಒಂದು ವರ್ಷವೇ ಕಳೆದುಹೋಯಿತು. ಲೇಖಕರು, ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗಿಳಿದರು. 1982ರಲ್ಲಿ ನಟ ರಾಜಕುಮಾರರು ಬೆಳಗಾವಿಯಿಂದ ಹೊರಟು ಊರೂರು ಸುತ್ತಿದರು. ಭಾಷಾನೀತಿಯ ಗಂಧವೂ ಇಲ್ಲದ ಗಾಡಿ ಹೊಡೆಯುವವರೂ ಹೂವು ಮಾರುವವರೂ ಆ ಸಭೆಗಳಿಗೆ ಬಂದರು. ಕೊನೆಗೆ ಜುಲೈ 20ರಂದು ಆಜ್ಞೆ ಹೊರಬಿದ್ದಿತು. ಅವಸರದಲ್ಲಿ ಹೊಲಿದ ಅಂಗಿಯು ಮೈಗೆ ಕೂಡದು. 1989ರಲ್ಲಿ ಉಚ್ಚ ನ್ಯಾಯಾಲಯದ ಮುಂದೆ ಆ ಆಜ್ಞೆಯು ನಿಲ್ಲಲಿಲ್ಲ. ಅದು ಮುಂದಿನ ಕಥೆ.

ಎರಡು ಸಲವೂ ಸರಕಾರ ಸೋತದ್ದು ಕೊಡದೆ ಅಲ್ಲ. ಕೊಟ್ಟಿತು, ಆದರೆ ಕೇಳಿಸಿಕೊಳ್ಳದೆ ಕೊಟ್ಟಿತು. ತಾಯಿಯು ಹಸಿದ ಮಗುವನ್ನು ಗದರಿಸಿ, ಹೊಡೆದು, ಅದು ಅತ್ತು ಊರನ್ನು ಒಟ್ಟುಗೂಡಿಸಿದ ಮೇಲೆ ಉಣಬಡಿಸಿದರೆ ಊಟವೇನೋ ಹೊಟ್ಟೆಗೆ ಸೇರುತ್ತದೆ. ಮಗು ನೆನಪಿಟ್ಟುಕೊಳ್ಳುವುದು ಹೊಡೆತವನ್ನು.

ಇನ್ನು 1983ರ ಜನವರಿಯ ಲೆಕ್ಕವನ್ನು ನೋಡೋಣ. ಜನತಾ ಪಕ್ಷಕ್ಕೆ 95 ಸ್ಥಾನ, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18. ಗುಂಡೂರಾಯರು ತಮ್ಮ ಸ್ವಂತ ಕ್ಷೇತ್ರವಾದ ಸೋಮವಾರಪೇಟೆಯಲ್ಲಿಯೇ ಸೋತರು. ರಾಮಕೃಷ್ಣ ಹೆಗಡೆಯವರು 10ನೆಯ ತಾರೀಖು ಮುಖ್ಯಮಂತ್ರಿಗಳಾದರು. ನಾಡಿನ ಜನರೆಲ್ಲರೂ ಎದ್ದು ಕಾಂಗ್ರೆಸ್ಸನ್ನು ಕಿತ್ತೆಸೆದರೆಂದು ಆಗ ಎಲ್ಲ ಕಡೆಯೂ ಕೇಳಿಬಂದಿತು. ನಾವೂ ಹಾಗೆಯೇ ಕೇಳುತ್ತ ಬೆಳೆದೆವು. ಎಷ್ಟೋ ವರ್ಷಗಳ ಮೇಲೆ ಚುನಾವಣಾ ಆಯೋಗದ ಅಂಕಿಗಳು ಕಣ್ಣಿಗೆ ಬಿದ್ದಾಗ ಕನ್ನಡಕವನ್ನು ಒರೆಸಿಕೊಂಡು ಇನ್ನೊಮ್ಮೆ ಓದಬೇಕಾಯಿತು.

1978ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಬಿದ್ದ ಮತಗಳು ನೂರಕ್ಕೆ ಸುಮಾರು 44. ಕಿತ್ತೆಸೆದರೆಂದು ಹೇಳುವ 1983ರಲ್ಲಿ 40. ಗೆದ್ದ ಜನತಾ ಪಕ್ಷಕ್ಕೆ ಬಿದ್ದದ್ದು 33! ಸೋತವರಿಗೆ ಗೆದ್ದವರಿಗಿಂತ ನೂರಕ್ಕೆ ಏಳು ಮತಗಳು ಹೆಚ್ಚು. ಅದಕ್ಕಿಂತಲೂ ವಿಚಿತ್ರವೆಂದರೆ, ಇದೇ ಜನತಾ ಪಕ್ಷವು 1978ರಲ್ಲಿ ನೂರಕ್ಕೆ 38 ಮತ ಪಡೆದು 59 ಸ್ಥಾನಗಳಿಗೆ ತೃಪ್ತವಾಗಿತ್ತು. 33ಕ್ಕೆ ಇಳಿದು 95 ಸ್ಥಾನಗಳನ್ನು ಗೆದ್ದಿತು. ಹಿಂದೆ ಅದರೊಳಗಿದ್ದ ಭಾರತೀಯ ಜನತಾ ಪಕ್ಷದವರು ಬೇರೆಯಾಗಿ ನೂರಕ್ಕೆ ಎಂಟರಷ್ಟು ಪಡೆದದ್ದು ಇಳಿತಕ್ಕೆ ಒಂದು ಕಾರಣ. ಏರಿಕೆಗೆ ಕಾರಣವೇನು? ನಮ್ಮ ಪದ್ಧತಿಯಲ್ಲಿ ರಾಜ್ಯದ ಮತಗಳನ್ನೆಲ್ಲ ಒಂದೇ ಕಣದಲ್ಲಿ ರಾಶಿ ಹಾಕಿ ಅಳೆಯುವುದಿಲ್ಲ. 224 ಕಣಗಳಲ್ಲಿ ಬೇರೆಬೇರೆಯಾಗಿ ಅಳೆಯುತ್ತಾರೆ. ಪ್ರತಿಯೊಂದು ಕಣದಲ್ಲಿಯೂ ಒಂದು ಸೇರು ಹೆಚ್ಚಿದ್ದವನಿಗೆ ಕಣವೇ ಸಲ್ಲುತ್ತದೆ. ಕಾಂಗ್ರೆಸ್ಸಿನ ಮತವು ನಾಡೆಲ್ಲ ತೆಳ್ಳಗೆ ಹರಡಿತ್ತು. ಜನತಾ ಪಕ್ಷದ್ದು ಕೆಲವು ಸೀಮೆಗಳಲ್ಲಿ, ಮುಖ್ಯವಾಗಿ ಹಳೆಯ ಮೈಸೂರಿನ ಕಡೆ, ಒತ್ತಾಗಿತ್ತು.

ಆದುದರಿಂದ ಆ ದೊಡ್ಡ ಪಲ್ಲಟವನ್ನು ಮಾಡಿದವರು "ಎಲ್ಲರೂ" ಅಲ್ಲ, ನೂರಕ್ಕೆ ನಾಲ್ವರು. ಒಳಗಿನಿಂದ ಹೊರಕ್ಕೆ ಹೋದವರು ಇನ್ನೂ ಹೆಚ್ಚಿದ್ದು, ಹೊರಗಿನವರು ಕೆಲವರು ಒಳಕ್ಕೆ ಬಂದಿರಬಹುದು. ಕಳೆದು ಕೂಡಿ ಉಳಿದ ಶೇಷ ನಾಲ್ಕು. ಉಳಿದ ನಲವತ್ತು ಮಂದಿ ಗೋಲಿಬಾರು ಆದ ಮೇಲೂ, ಭಾಷೆಯ ಗಲಭೆಯಾದ ಮೇಲೂ ಅಲುಗಲಿಲ್ಲ. ಅವರನ್ನು ದಡ್ಡರೆಂದು ತಿಳಿಯಕೂಡದು. ಅರಸರ ಕಾನೂನಿನಿಂದ ಎರಡೆಕರೆ ಬಂದ ಒಕ್ಕಲಿನವನಿಗೆ ಆ ಪಕ್ಷವನ್ನು ಬಿಡುವುದೆಂದರೆ ಕೃತಘ್ನತೆಯೆಂದು ತೋರಿತು. ಅವನ ಮನೆಯ ಉತಾರವು ಗಟ್ಟಿ. ನಮ್ಮ ಭಾಷಾನೀತಿ ಅವನಿಗೆ ಗಾಳಿ. ಹಾಗೆಯೇ ಇನ್ನೊಂದು ಪಕ್ಷದ ಮೂವತ್ತು ಮಂದಿ ಏನು ಒಳ್ಳೆಯದಾದರೂ ಕಾಂಗ್ರೆಸ್ಸಿಗೆ ಹಾಕುವವರಲ್ಲ. ಈ ಎರಡು ದೊಡ್ಡ ಬಂಡೆಗಳ ನಡುವೆ ಹರಿಯುವ ನಾಲ್ಕು ಮಂದಿಯ ಸಣ್ಣ ತೊರೆಯೇ ಸರಕಾರಗಳನ್ನು ಕೊಚ್ಚಿಕೊಂಡು ಹೋಗುವಂಥದು.

ಆ ನಾಲ್ವರಲ್ಲಿ ಒಬ್ಬರನ್ನು ನಾವು ಹತ್ತಿರದಿಂದ ಬಲ್ಲೆವು: ನಮ್ಮ ಸೋದರತ್ತೆ, ರಾಣೆಬೆನ್ನೂರಿನ ಕಡೆಯ ಒಂದು ಹಳ್ಳಿಯವರು. ಅಕ್ಷರ ಬಾರದು, ಆದರೆ ಹಾಲಿನವಳ ಲೆಕ್ಕವನ್ನು ಗೋಡೆಯ ಮೇಲಿನ ಇದ್ದಲಿನ ಗೀರುಗಳಿಂದ ಆರು ತಿಂಗಳ ಮೇಲೂ ತಪ್ಪದೆ ಒಪ್ಪಿಸುತ್ತಿದ್ದರು. 1978ರಲ್ಲಿ ಕೈಗೆ ಹಾಕಿದವರು, 1983ರಲ್ಲಿ ನೇಗಿಲು ಹೊತ್ತ ರೈತನಿಗೆ ಹಾಕಿದರು. ಕಾರಣವನ್ನು ಕೇಳಿದರೆ, "ನ್ಯಾಯಾ ಕೇಳಾಕ ಹ್ವಾದವರಿಗೆ ಗುಂಡು ಹಾಕಿದ್ರಲ್ಲಪಾ" ಎಂದಷ್ಟೇ. ಇಂದಿರಾ ಗಾಂಧಿಯವರ ಹತ್ಯೆಯಾದ ಮೇಲೆ, 1984ರ ಡಿಸೆಂಬರಿನ ಲೋಕಸಭೆಯ ಚುನಾವಣೆಯಲ್ಲಿ ಮತ್ತೆ ಕೈ. 1985ರ ಮಾರ್ಚಿಯಲ್ಲಿ ವಿಧಾನಸಭೆಗೆ ಮತ್ತೆ ನೇಗಿಲು. ನಮ್ಮ ಮಾವನವರು, ಕೊನೆಯವರೆಗೂ ಒಂದೇ ಗುರುತಿಗೆ ಹಾಕಿದವರು, ಹೆಂಡತಿಯ ಈ ಓಲಾಟವನ್ನು ಹಾಸ್ಯ ಮಾಡುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದರು: "ದಿಲ್ಲಿ ಮನಿ ಬ್ಯಾರೆ, ಬೆಂಗಳೂರ ಮನಿ ಬ್ಯಾರೆ. ಓಣ್ಯಾಗ ಬೋರು ಹಾಕಿಸಿದವರು ಇವರು. ನೀರು ಹೊರಾಕಿ ನಾನು, ನೀವಲ್ಲ."

ಅತ್ತೆಯವರೊಬ್ಬರೇ ಹಾಗೆ ಮಾಡಿದ್ದಲ್ಲ. 1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24 ಹೋದುವು. ಜನರ ವಿಶ್ವಾಸ ತಪ್ಪಿತೆಂದು ಹೆಗಡೆಯವರು ರಾಜೀನಾಮೆ ಕೊಟ್ಟು ವಿಧಾನಸಭೆಯ ಚುನಾವಣೆಗೆ ನಿಂತರು. ಮೂರು ತಿಂಗಳು ತುಂಬುವ ಮೊದಲೇ ಅವೇ ಊರುಗಳ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ಜನರು ಚಂಚಲರೆಂದು ನಿರ್ಣಯಿಸುವ ಪಂಡಿತರು ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಂಡು ನೋಡಬೇಕು. ಕುಡಿಯುವ ನೀರಿನ ಕೊಳವೆಬಾವಿಗಳನ್ನು ಹಳ್ಳಿಹಳ್ಳಿಗೂ ತೋಡಿಸಿದ ಮಂತ್ರಿ ಅಬ್ದುಲ್ ನಜೀರ್ ಸಾಹೇಬರನ್ನು ಜನ "ನೀರ್ ಸಾಬ್" ಎಂದು ಕರೆದರು. ಮುಖ್ಯಮಂತ್ರಿಯ ಮಾತಿನ ಸೊಗಸಿಗಿಂತ, ನಮ್ಮ ಎಣಿಕೆಯಲ್ಲಿ, ಆ ಹೆಸರೇ ಹೆಚ್ಚು ಮತಗಳನ್ನು ತಂದಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ 1987ರಲ್ಲಿ ಚುನಾವಣೆಯಾಗಿ ಹೆಣ್ಣುಮಕ್ಕಳಿಗೆ ನಾಲ್ಕನೆಯ ಒಂದು ಪಾಲು ಮೀಸಲಾಯಿತು. ಲೋಕಾಯುಕ್ತವು ಹುಟ್ಟಿದ್ದೂ ಆ ಕಾಲದಲ್ಲಿಯೇ.

ಆದರೆ ಗಡಿಗೆ ಇಲ್ಲಿಯೂ ಒಡೆಯಿತು. 1986ರಲ್ಲಿ ಸಾರಾಯಿಯನ್ನು ಬಾಟಲಿಗೆ ತುಂಬುವ ಗುತ್ತಿಗೆಯ ವಿಷಯವಾಗಿ ಉಚ್ಚ ನ್ಯಾಯಾಲಯದ ಆಕ್ಷೇಪ ಬಂದಾಗ ಹೆಗಡೆಯವರು ರಾಜೀನಾಮೆ ಕೊಟ್ಟು ಕೆಲವು ದಿನಗಳಲ್ಲಿಯೇ ಹಿಂದಕ್ಕೆ ತೆಗೆದುಕೊಂಡರು. 1988ರಲ್ಲಿ ದೂರವಾಣಿಗಳನ್ನು ಕದ್ದಾಲಿಸಿದ ಆಪಾದನೆಯಿಂದ ಇಳಿದೇ ಹೋದರು. ಅವರ ಬಳಿಕ ಬಂದ ಎಸ್.ಆರ್. ಬೊಮ್ಮಾಯಿಯವರ ಸರಕಾರವು 1989ರ ಏಪ್ರಿಲಿನಲ್ಲಿ ವಜಾ ಆಯಿತು. ಆ ವಜಾ ತಪ್ಪೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಚುನಾವಣೆ ಮುಗಿದು ಐದು ವರ್ಷಗಳು ಸಮೀಪಿಸಿದ್ದುವು. ಇವೆಲ್ಲದರ ನಡುವೆ ಪಕ್ಷದೊಳಗಿನ ಅಣ್ಣತಮ್ಮಂದಿರು ಪಾಲು ಕೇಳಿ ಬೀದಿಗೆ ಬಂದರು. "ಮನಿಯಾಗಿನ ಜಗಳ ಓಣಿಗೆ ಬಂದ ಮ್ಯಾಲೆ ಆ ಮನಿಗೆ ಹೆಣ್ಣು ಕೊಡೋರು ಯಾರಪಾ?" ಎಂದು ಅತ್ತೆ ಆ ಸಲ ಮತ್ತೆ ಕೈಗೆ ಹಾಕಿದರು. ಜನತಾದಳಕ್ಕೆ 24 ಸ್ಥಾನಗಳು ಉಳಿದುವು, ಕಾಂಗ್ರೆಸ್ಸಿಗೆ 178. ಆರು ವರ್ಷಗಳ ಹಿಂದೆ ಕಿತ್ತೆಸೆದ ಪಕ್ಷಕ್ಕೆ ಈ ಸಂಖ್ಯೆ! ಅದಕ್ಕೆ ಬಿದ್ದ ಮತವನ್ನು ನೋಡಿದರೆ ನೂರಕ್ಕೆ ಸುಮಾರು 44. ಅಂದರೆ 1978ರದೇ ಮಟ್ಟ. ಹೋದ ನಾಲ್ವರು ಹಿಂದಕ್ಕೆ ಬಂದಿದ್ದರು, ಎದುರು ಪಕ್ಷವು ಎರಡಾಗಿ ಸೀಳಿತ್ತು. ಸೋಮವಾರಪೇಟೆಯಲ್ಲಿ ಸೋತಿದ್ದ ಗುಂಡೂರಾಯರೂ ಆ ವರ್ಷ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಹೋದರು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತವಿಲ್ಲ. ಒಡೆದ ಗಡಿಗೆ ಮತ್ತೆ ಹುಟ್ಟುವುದಿಲ್ಲವೆಂದು ತಾರ್ಕಿಕರ ಸಿದ್ಧಾಂತ. ಅವರು ಕರ್ನಾಟಕದಲ್ಲಿ ಚುನಾವಣೆಯನ್ನು ಕಂಡವರಲ್ಲ.

ಇದು ಹಳೆಯ ಮಾತೆಂದು ಯಾರಾದರೂ ಹೇಳಿದರೆ ಈಚಿನ ಒಂದು ಲೆಕ್ಕವನ್ನೂ ಕೊಡಬಹುದು. 2018ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ನೂರಕ್ಕೆ 36 ಮತಗಳು, 104 ಸ್ಥಾನಗಳು. 2023ರಲ್ಲಿ ಆಳುವ ಪಕ್ಷವಾಗಿ ಅದು ಜನರ ಮುಂದೆ ನಿಂತಾಗ ಬಿದ್ದ ಮತಗಳು ನೂರಕ್ಕೆ ಮತ್ತೆ 36, ಸ್ಥಾನಗಳು 66. ಕಾಂಗ್ರೆಸ್ಸು 38ರಿಂದ 43ರ ಸಮೀಪಕ್ಕೆ ಏರಿ 135 ಸ್ಥಾನಗಳನ್ನು ಗೆದ್ದಿತು. ಈ ಸಲ ಬಂಡೆಯಿಂದ ಒಂದು ಚೂರೂ ಉದುರಲಿಲ್ಲ. ತೊರೆಯು ಮಾತ್ರ ಪಾತ್ರವನ್ನು ಬದಲಿಸಿತು. ಗೆದ್ದವರು ನಾಡೇ ತಮ್ಮೊಡನಿದೆಯೆಂದರು. ಸೋತವರು ತಮ್ಮ ಮತ ತಮ್ಮಲ್ಲಿಯೇ ಇದೆಯೆಂದು ಸಮಾಧಾನಪಟ್ಟರು. ಮೊದಲನೆಯದು ಸುಳ್ಳು, ಎರಡನೆಯದು ನಿಜವಾದರೂ ಅಪಾಯಕರ, ಏಕೆಂದರೆ ಅಲುಗದ ಮೂವತ್ತಾರು ಮಂದಿಯ ಜಯಘೋಷವು ಹೊರಟುಹೋದವರ ಮೌನವನ್ನು ಕೇಳಗೊಡಿಸದು. 1980ರಲ್ಲಿ ನರಗುಂದದ ಅರ್ಜಿಗಳು ಬೆಂಗಳೂರಿಗೆ ಕೇಳಿಸದೆ ಹೋದದ್ದಕ್ಕೆ ಕೈಯಲ್ಲಿದ್ದ 27 ಲೋಕಸಭಾ ಸ್ಥಾನಗಳ ಗದ್ದಲವೂ ಒಂದು ಕಾರಣವೆಂದು ನಮ್ಮ ಊಹೆ.

ನಮ್ಮನ್ನು ಚಿಂತೆಗೆ ಹಚ್ಚುವುದು ಇನ್ನೊಂದು ಸಂಗತಿ. ಬೇಸರವೇ ಅಭ್ಯಾಸವಾಗಿ, ಆಳುವವರು ಯಾರೇ ಆಗಲಿ ಐದು ವರ್ಷಕ್ಕೆ ಕಳುಹಿಸಿಬಿಡುವುದೇ ವಾಡಿಕೆಯಾದರೆ, ಆಳುವವನೂ ಅದನ್ನು ಬಲ್ಲನು. ಬೋರು ಹಾಕಿಸಿದರೂ ಹೋಗಬೇಕು, ಹಾಕಿಸದಿದ್ದರೂ ಹೋಗಬೇಕೆಂದಾದರೆ ಹಾಕಿಸುವ ಶ್ರಮವೇಕೆಂದು ಅವನು ಯೋಚಿಸಿದರೆ ತಪ್ಪೇನು? ಬಾಡಿಗೆಯ ಮನೆಯ ಸೋರುವ ಮಾಡಿಗೆ ಹಂಚು ಹೊದಿಸುವವರಾರು? ಅತ್ತೆಯ ಗೋಡೆಯ ಮೇಲೆ ಹಾಲು ಬಂದ ದಿನಕ್ಕೂ ಗೀರು ಇತ್ತು, ಬಾರದ ದಿನಕ್ಕೂ ಗೀರು ಇತ್ತು. ಬಾರದ ದಿನದ್ದು ಅಡ್ಡಗೀರು, ಅಷ್ಟೆ. 1985ರಲ್ಲಿ ಆಳುತ್ತಿದ್ದ ಪಕ್ಷವೊಂದು ತಾನೇ ಬಹುಮತವನ್ನು ಪಡೆದು ಹಿಂದಕ್ಕೆ ಬಂದದ್ದು ಅಂಥ ಗೋಡೆಗಳ ಲೆಕ್ಕದಿಂದ. ಅಲ್ಲಿಂದ ಮುಂದೆ, 2023ರ ಚುನಾವಣೆಯವರೆಗೂ, ಕರ್ನಾಟಕದಲ್ಲಿ ಹಾಗೆ ಹಿಂದಕ್ಕೆ ಬಂದ ಸರಕಾರ ಒಂದೂ ಇಲ್ಲ.